ವಿಜಯಾಗೆ ಹೇಳಬೇಕು

ದುಡ್ಡು ಕೊಟ್ಟು ತಂದ ಕಾಗದದ ಮೇಲೆ ನನಗೆ ಬರೆಯಲು ಬರುವುದಿಲ್ಲ. ಯಾರಾದರೂ ಹೊಸ ವರ್ಷಕ್ಕೆ ಚಂದದ ಡೈರಿ ಕೊಟ್ಟರೆ ಎರಡು ದಿನ ಅದರ ವಾಸನೆ ನೋಡಿ, ಮೂರನೆಯ ದಿನ ಇನ್ನೊಬ್ಬರಿಗೆ ದಾಟಿಸಿಬಿಡುತ್ತೇನೆ. ನನಗೆ ಬೇಕಾದದ್ದು ಔಷಧದ ಡಬ್ಬಿಯ ಒಳಮೈ, ಕ್ಯಾಲೆಂಡರಿನಿಂದ ಹರಿದ ನಿನ್ನೆಯ ಹಾಳೆ, ಮದುವೆಯ ಕರೆಯೋಲೆಯ ಬೆನ್ನು. ಅಂಥದ್ದೊಂದು ತುಂಡು ಕೈಗೆ ಸಿಕ್ಕಿದರೆ ಸಾಕು, ತಲೆಯಲ್ಲಿದ್ದದ್ದೆಲ್ಲ ತಾನಾಗಿ ಇಳಿಯುತ್ತದೆ.

ಇದು ಅಪ್ಪನಿಂದ ಬಂದ ರೋಗ. ಊರಿನಿಂದ ಬಂದವರೆಲ್ಲ ಹೋಟೆಲಿನ ಗಲ್ಲೆಗೋ ಒಲೆಗೋ ಸೇರುತ್ತಿದ್ದ ಕಾಲದಲ್ಲಿ ನನ್ನ ಅಪ್ಪ ಠಾಣೆ ಶಹರದ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಔಷಧದ ಡಬ್ಬಿ ಮಾಡುವ ಪ್ರೆಸ್ಸೊಂದಕ್ಕೆ ಸೇರಿದರು. ರಟ್ಟು ಕತ್ತರಿಸುವ ಮಿಶಿನ್ನಿನ ಕೆಲಸ. ಸಂಜೆ ಅವರು ಚಾಳಿನ ಮೆಟ್ಟಿಲು ಹತ್ತುವಾಗ ಕಂಕುಳಲ್ಲಿ ಕತ್ತರಿಸಿ ಉಳಿದ ರಟ್ಟಿನ ಕಟ್ಟು ಇರುತ್ತಿತ್ತು. ಒಂದು ಮೈ ನುಣ್ಣಗೆ ಹೊಳೆಯುವುದು, ಇನ್ನೊಂದು ಮೈ ಬೂದಿ ಬಣ್ಣದ ದೊರಗು. ಆ ದೊರಗು ಮೈಯೇ ನನ್ನ ಪಾಟಿ, ನನ್ನ ಪುಸ್ತಕ, ನನ್ನ ಚಿತ್ರಪಟ. ಬೇರೆ ಮಕ್ಕಳು ಪುಸ್ತಕದಲ್ಲಿ ಹಿಂದಿ ಕಲಿತರೆ ನಾನು ‘ಬಚ್ಚೋಂ ಕೀ ಪಹುಂಚ್ ಸೇ ದೂರ್ ರಖೇಂ’, ಮಕ್ಕಳ ಕೈಗೆ ಸಿಗದಂತೆ ಇಡಿ, ಎಂಬಲ್ಲಿಂದ ಶುರು ಮಾಡಿದೆ. ಇದನ್ನು ಹೇಳಿಕೊಂಡು ಜಂಬ ಪಡುವಷ್ಟು ಹಿಂದಿ ನನಗೆ ಇವತ್ತಿಗೂ ಬರುವುದಿಲ್ಲ, ಅದು ಬೇರೆ ಮಾತು.

ನಾನು ಕಂಡದ್ದನ್ನೆಲ್ಲ ಬರೆದಿಡುತ್ತಿದ್ದೆ. ಇವತ್ತು ನಳ್ಳಿಯಲ್ಲಿ ನೀರು ಎಷ್ಟು ಗಂಟೆಗೆ ಬಂತು, ಪಕ್ಕದ ಕೋಣೆಯ ಅಜ್ಜಿ ಯಾಕೆ ಅತ್ತಳು, ಎಲ್ಲ. ಅಮ್ಮ ಒಲೆಯ ಹತ್ತಿರದಿಂದಲೇ ತುಳುವಿನಲ್ಲಿ ಗದರುತ್ತಿದ್ದಳು: “ಬರೆದ್ ದೀಂಡ ಬಂಜಿ ದಿಂಜುಂಡಾ?” ಬರೆದಿಟ್ಟರೆ ಹೊಟ್ಟೆ ತುಂಬುತ್ತದಾ ಎಂದು. ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ಬರೆದಿಟ್ಟ ಕೂಡಲೇ ಮನಸ್ಸು ಹಗುರವಾಗುತ್ತಿತ್ತು. ಆ ಹಗುರವೇ ಮುಂದೆ ನನ್ನಿಂದ ಒಂದು ದೊಡ್ಡ ತಪ್ಪು ಮಾಡಿಸಿತು.

ಕಳೆದ ವರ್ಷ ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಯಿತು. ಹೊಸ ಕಟ್ಟಡ ಎದ್ದು ನಿಲ್ಲುವವರೆಗೆ ಬಾಡಿಗೆಯ ಚಿಕ್ಕ ಮನೆ. ಸಾಮಾನು ಕಟ್ಟುವಾಗ ಮಂಚದ ಅಡಿಯಿಂದ ನನ್ನ ಚೀಟಿಗಳು ಹೊರಬಂದವು: ಐದು ಬಿಸ್ಕತ್ತಿನ ಡಬ್ಬಿ, ಮೂರು ಚಪ್ಪಲಿ ಪೆಟ್ಟಿಗೆ, ಒಂದು ತಲೆದಿಂಬಿನ ಕವರು. ನನ್ನ ಯಜಮಾನರು ಕೈ ಸೊಂಟದ ಮೇಲಿಟ್ಟುಕೊಂಡು, “ಇದಕ್ಕೂ ಬಿಲ್ಡರ್ ಹತ್ರ ಒಂದು ರೂಮು ಕೇಳ್ಬೇಕಿತ್ತು” ಎಂದರು.

ಉಪಾಯ ಹೇಳಿದವಳು ಮಗಳು ಮೇಘಾ. ಅವಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಉತ್ತರಿಸುತ್ತಾಳೆ. ಐರೋಲಿಯ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ, ವಾರದಲ್ಲಿ ಎರಡು ದಿನ ಮನೆಯಿಂದಲೇ.

“ಮಮ್ಮಾ, ಸಬ್ ಕಾ ಫೋಟೋ ನಿಕಾಲ್. ಎಐ ಪಢ್ ಲೇಗಾ, ಸಾರ್ಟ್ ಕರ್ ದೇಗಾ. ಮಗ್ ಕಾಗದ್ ರದ್ದೀತ್ ದೇ” ಎಂದಳು. ಫೋಟೊ ತೆಗೆ, ಯಂತ್ರವೇ ಓದಿ ವಿಂಗಡಿಸುತ್ತದೆ, ಆಮೇಲೆ ಕಾಗದವನ್ನು ರದ್ದಿಗೆ ಹಾಕು ಎಂದು.

“ನನ್ನ ಅಕ್ಷರ ನನಗೇ ಓದ್ಲಿಕ್ಕೆ ಆಗುದಿಲ್ಲ. ಅದಕ್ಕೆ ಎಂತ ಆಗ್ತದೆ?” ಎಂದೆ.

“ತೂ ದೇಖ್ ತೋ ಸಹೀ” ಎಂದಳು, ನೀನು ಮೊದಲು ನೋಡು ಎಂದು.

ಹನ್ನೊಂದು ದಿನ ಫೋಟೊ ತೆಗೆದೆವು. ಮಧ್ಯಾಹ್ನ ಊಟ ಮುಗಿಸಿ ಕಿಟಕಿಯ ಬೆಳಕಿನಲ್ಲಿ ಕೂತರೆ ನಾನು ಚೀಟಿ ಹರಡುವುದು, ಅವಳು ಮನೆಯಲ್ಲಿದ್ದ ದಿನ ಬಿಡುವು ನೋಡಿ ಕ್ಲಿಕ್ಕಿಸುವುದು, ಇಲ್ಲದ ದಿನ ನಾನೇ. ಯಂತ್ರ ಓದಿತು ನೋಡಿ, ನಾನು ಬೆರಗಾಗಿ ಹೋದೆ. ಕನ್ನಡದೊಳಗೆ ತುಳು, ತುಳುವಿನೊಳಗೆ ಮರಾಠಿ, ನಡುವೆ ಇಂಗ್ಲಿಷಿನ ಔಷಧದ ಹೆಸರು, ಎಲ್ಲವನ್ನೂ ಬಿಡಿಸಿತು. ಎಡವಿದ್ದೂ ಉಂಟು. ‘ಶೆಟ್ರ ಮಗಳ ಮದುವೆ’ ಎಂದು ನಾನು ಬರೆದದ್ದನ್ನು ‘ಚಟ್ನಿ ಮಗಳ ಮದುವೆ’ ಎಂದು ಓದಿ ಅಡುಗೆಯ ವಿಭಾಗಕ್ಕೆ ಸೇರಿಸಿತು. ‘ನಾಳೆ ಮರೆಯಬೇಡ’ ಎಂದಷ್ಟೇ ಬರೆದ ಚೀಟಿಗಳು ಒಂಬತ್ತು ಸಿಕ್ಕವು. ಏನನ್ನು ಮರೆಯಬಾರದು ಎಂದು ಒಂದರಲ್ಲೂ ಇಲ್ಲ. ಯಂತ್ರ ಅವುಗಳನ್ನೆಲ್ಲ ‘ಅಸ್ಪಷ್ಟ’ ಎಂಬ ತಲೆಬರಹದ ಕೆಳಗೆ ಮರ್ಯಾದೆಯಿಂದ ಕೂರಿಸಿತು. ಮೇಘಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ.

ಹನ್ನೆರಡನೆಯ ದಿನ ಅವಳು ಆಫೀಸಿಗೆ ಹೋಗಿದ್ದಳು. ಯಜಮಾನರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ನಾನೊಬ್ಬಳೇ ಫೋನು ಹಿಡಿದು ಕೂತಿದ್ದಾಗ ಯಂತ್ರ ತಾನಾಗಿಯೇ ಒಂದು ಪಟ್ಟಿ ಮಾಡಿ ತೋರಿಸಿತು. ಅದರ ಕನ್ನಡ ಪಠ್ಯಪುಸ್ತಕದ ಕನ್ನಡ. ‘ನಿಮ್ಮ ಟಿಪ್ಪಣಿಗಳಲ್ಲಿ ಇನ್ನೂ ಪೂರ್ಣಗೊಂಡಿಲ್ಲವೆಂದು ತೋರುವ ಕಾರ್ಯಗಳು ಇವು’ ಎಂದು ಬರೆದಿತ್ತು. ಗ್ಯಾಸ್ ಬುಕ್ ಮಾಡುವುದು. ಮೇಘಾಳ ಯೂನಿಫಾರ್ಮಿಗೆ ಗುಂಡಿ. ಎರಡನೇ ತಕ್ಕಡಿ ಸರಿಯಿಲ್ಲ, ವಿಜಯಾಗೆ ಹೇಳಬೇಕು. ಕುಚ್ಚಲಕ್ಕಿ ಮುಗಿದಿದೆ. ಕೊನೆಗೆ ಒಂದು ಪ್ರಶ್ನೆ: ‘ಇವುಗಳಲ್ಲಿ ಯಾವುವು ಮುಗಿದಿವೆ ಎಂದು ತಿಳಿಸುತ್ತೀರಾ?’

ನಾನು ಕುಚ್ಚಲಕ್ಕಿಯವರೆಗೂ ಓದಿ ಹೋಗಿದ್ದೆ. ಮತ್ತೆ ಒಂದು ಸಾಲು ಹಿಂದಕ್ಕೆ ಬಂದೆ. ಎರಡನೇ ತಕ್ಕಡಿ ಸರಿಯಿಲ್ಲ. ವಿಜಯಾಗೆ ಹೇಳಬೇಕು.

ಚಟ್ನಿ ಮಗಳ ಮದುವೆ ಮಾಡಿಸಿದ ಯಂತ್ರ ಇದು, ಇದನ್ನೂ ತಪ್ಪಾಗಿ ಓದಿರಬಹುದು ಎಂದು ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರುವಿದೆ. ಒಂದು ಗಂಟೆ ಹುಡುಕಿದ ಮೇಲೆ ಸಿಕ್ಕಿತು. ನಮ್ಮ ಲ್ಯಾಬಿನ ಗೋಡೆಗಿದ್ದ ಕ್ಯಾಲೆಂಡರಿನ ಹಾಳೆ, ಜುಲೈ ತಿಂಗಳ ಒಂದು ಮಂಗಳವಾರ. ಬೆನ್ನಲ್ಲಿ ನನ್ನದೇ ಅಕ್ಷರ. ಯಂತ್ರ ಒಂದು ಕೊಂಬನ್ನೂ ತಪ್ಪು ಓದಿರಲಿಲ್ಲ.

ಈಗ ವಿಜಯಾ ಯಾರೆಂದು ಹೇಳಬೇಕು.

ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದು ಮಹಾಪೆಯ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ. ಮಾತ್ರೆ, ಪುಡಿಗಳನ್ನು ತೂಗಿ, ಕರಗಿಸಿ, ಅದರಲ್ಲಿ ಇರಬೇಕಾದದ್ದು ಇದೆಯೇ ಎಂದು ನೋಡುವ ಕೆಲಸ. ವಿಜಯಾ ಅಲ್ಲಿ ನನ್ನ ಜೊತೆಗಾತಿ. ಧಾರವಾಡದ ಕಡೆಯವಳು, ಕಲ್ಯಾಣದಲ್ಲಿ ಮನೆ. ಕಂಪನಿಯ ಬಸ್ಸು ಅವಳನ್ನು ಕಲ್ಯಾಣದಲ್ಲಿ ಹತ್ತಿಸಿಕೊಂಡು, ನನ್ನನ್ನು ಡೊಂಬಿವಲಿಯಲ್ಲಿ ಹತ್ತಿಸಿಕೊಂಡು, ಶಿಳ್‌ಫಾಟಾ ದಾಟಿ ಮಹಾಪೆಗೆ ಹೋಗುತ್ತಿತ್ತು. ನಾನು ಹತ್ತುವಾಗ ಅವಳ ಟಿಫಿನ್ ಚೀಲ ನನ್ನ ಸೀಟಿನ ಮೇಲೆ ಕೂತಿರುತ್ತಿತ್ತು. “ಏಳವಾ, ನಿನ್ನ ಜಾಗಾದ ಒಡತಿ ಬಂದ್ಲು” ಎಂದು ಚೀಲಕ್ಕೆ ಹೇಳಿ ಅದನ್ನು ಎತ್ತಿಕೊಳ್ಳುತ್ತಿದ್ದಳು. ಅವಳ ಕೈಯನ್ನು ಲ್ಯಾಬಿನಲ್ಲಿ ಎಲ್ಲರೂ ಹೊಗಳುತ್ತಿದ್ದರು. ನಾವೆಲ್ಲ ಚಮಚದ ತುದಿಯಿಂದ ಪುಡಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿ ತೂಕ ಸರಿಮಾಡುತ್ತಿದ್ದರೆ ಅವಳು ಒಂದೇ ಸಲಕ್ಕೆ ಉದುರಿಸಿ ನಿಲ್ಲಿಸುತ್ತಿದ್ದಳು. ತಕ್ಕಡಿಯ ಅಂಕಿ ಬಂದು ಅವಳು ಹೇಳಿದಲ್ಲಿಯೇ ನಿಲ್ಲುತ್ತಿತ್ತು.

ಶಿಫ್ಟು ಬದಲಾಗುವ ವಾರಗಳಲ್ಲಿ ನಾನು ಬೆಳಗಿನ ಪಾಳಿ, ಅವಳು ಮಧ್ಯಾಹ್ನದ ಪಾಳಿ. ಬೆಳಗಿನವರು ಮೊದಲು ತಕ್ಕಡಿಗಳ ಮೇಲೆ ಗೊತ್ತಿರುವ ತೂಕದ ಬಟ್ಟು ಇಟ್ಟು ಪರೀಕ್ಷಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಆ ಮಂಗಳವಾರ ಎರಡನೇ ತಕ್ಕಡಿ ಮೊದಲ ಸಲ ತಪ್ಪು ತೋರಿಸಿತು. ಮತ್ತೆ ಇಟ್ಟೆ, ಸರಿ ತೋರಿಸಿತು. ಸರಿ ಬಂದದ್ದನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ಸಂಶಯವನ್ನು ಮಾತ್ರ, ಗೋಡೆಯ ಕ್ಯಾಲೆಂಡರಿನಿಂದ ಅವತ್ತಿನ ಹಾಳೆಯನ್ನೇ ಹರಿದು, ಅದರ ಬೆನ್ನಿಗೆ ಬರೆದು ಪರ್ಸಿಗೆ ಹಾಕಿಕೊಂಡೆ. ಬರೆದೆನಲ್ಲ, ಮನಸ್ಸು ಹಗುರವಾಯಿತು. ಮಧ್ಯಾಹ್ನ ವಿಜಯಾ ಬಂದಾಗ ನಾವು ಐದು ನಿಮಿಷ ಏನೇನೋ ಮಾತಾಡಿದೆವು. ತಕ್ಕಡಿಯ ಮಾತು ಬರಲಿಲ್ಲ. ನಾನು ಬಸ್ಸು ಹತ್ತಿ ಮನೆಗೆ ಬಂದೆ.

ಅವಳು ಆ ದಿನ ಆ ತಕ್ಕಡಿಯ ಮೇಲೆ ತೂಗಿ ಪಾಸು ಮಾಡಿದ ಮಾಲು ಕೊಂಡವರ ಲ್ಯಾಬಿನಲ್ಲಿ ಫೇಲಾಯಿತು. ಮಾರುಕಟ್ಟೆಗೆ ಹೋಗುವ ಮೊದಲೇ ಎಲ್ಲ ವಾಪಸು ಬಂತು, ಅದೊಂದು ಪುಣ್ಯ. ವಿಚಾರಣೆ ನಡೆಯಿತು. ವಿಜಯಾ ಹೇಳಿದ್ದು ಒಂದೇ ಮಾತು: ನನ್ನ ಕೈ ಸರಿ ಇತ್ತು, ತಕ್ಕಡಿ ಸರಿ ಇರಲಿಲ್ಲ. ತಕ್ಕಡಿಯನ್ನು ಪರೀಕ್ಷಿಸಿದರು, ಆಗ ಅದು ಸರಿಯಾಗಿಯೇ ತೋರಿಸಿತು. ಮ್ಯಾನೇಜರು ನನ್ನನ್ನು ಕರೆಸಿದರು. ವಿಜಯಾ ಅಲ್ಲಿಯೇ ಕೂತಿದ್ದಳು.

“ಸುಮತಿ ಮೇಡಂ, ಉಸ್ ದಿನ್ ಸುಬಹ್ ಬ್ಯಾಲೆನ್ಸ್ ಠೀಕ್ ಥಾ ನಾ?” ಎಂದು ಕೇಳಿದರು. ಆ ದಿನ ಬೆಳಿಗ್ಗೆ ತಕ್ಕಡಿ ಸರಿ ಇತ್ತಲ್ಲ ಎಂದು.

“ಠೀಕ್ ಥಾ ಸರ್” ಎಂದೆ.

ರಿಜಿಸ್ಟರು ತೆರೆದು ನನ್ನ ಸಹಿಯನ್ನು ಅವಳಿಗೆ ತೋರಿಸಿದರು. ಲ್ಯಾಬಿನಲ್ಲಿ ನಮಗೆ ಮೊದಲ ದಿನವೇ ಕಲಿಸುವ ಪಾಠ ಒಂದುಂಟು: ಬರೆಯದೆ ಇದ್ದದ್ದು ನಡೆಯಲೇ ಇಲ್ಲ. ಹದಿನೈದು ದಿನದಲ್ಲಿ ವಿಜಯಾಳಿಂದ ರಾಜೀನಾಮೆ ಬರೆಸಿಕೊಂಡರು. ನಾಲ್ಕು ತಿಂಗಳ ನಂತರ ಆ ಎರಡನೇ ತಕ್ಕಡಿ ಮತ್ತೆ ಮತ್ತೆ ಹುಚ್ಚು ಹಿಡಿದಂತೆ ಆಡಿ, ಅದನ್ನು ಗುಜರಿಗೆ ಹಾಕಿದರು. ಆಗಲೂ ಯಾರೂ ಎರಡನ್ನು ಜೋಡಿಸಲಿಲ್ಲ. ನಾನು ಜೋಡಿಸಬಹುದಿತ್ತು.

ಹತ್ತೊಂಬತ್ತು ವರ್ಷ ನಾನು ಈ ಕಥೆಯನ್ನು ನನಗೆ ನಾನೇ ಹೇಳಿಕೊಂಡದ್ದು ಬೇರೆ ರೀತಿ. ವಿಜಯಾ ಪಾಪ, ಆ ದಿನ ಏನೋ ಗಡಿಬಿಡಿಯಲ್ಲಿ ಕೈತಪ್ಪಿತು. ಅವಮಾನದಿಂದ ನನ್ನ ಸಂಗವನ್ನೂ ಬಿಟ್ಟಳು. ಹೀಗೆ. ಈ ಕಥೆಯಲ್ಲಿ ನಾನು ಗೆಳತಿಯನ್ನು ಕಳೆದುಕೊಂಡವಳು, ಕನಿಕರಕ್ಕೆ ಅರ್ಹಳು.

ಯಂತ್ರವನ್ನು ಕೇಳಿದೆ: ವಿಜಯಾ ಎಂಬ ಹೆಸರಿರುವ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಕೊಡು. ಕ್ಷಣದಲ್ಲಿ ಕೊಟ್ಟಿತು. ವಿಜಯಾಳ ಮಗಳಿಗೆ ಜ್ವರ, ಕೇಳಬೇಕು. ವಿಜಯಾಗೆ ಕುಂದಾಪುರದ ಕೊಬ್ಬರಿ ಎಣ್ಣೆ. ವಿಜಯಾ ಹೇಳಿದ ಶೇಂಗಾ ಚಟ್ನಿ, ಬೆಳ್ಳುಳ್ಳಿ ಕಡೆಗೆ ಹಾಕಬೇಕು. ವಿಜಯಾಳ ಹೊಸ ಮನೆಯ ವಿಳಾಸ, ಕಲ್ಯಾಣ ಪೂರ್ವ, ಕೋಳ್ಸೇವಾಡಿ. ವಾರಕ್ಕೆ ಎರಡು ಮೂರು ಚೀಟಿ. ಜುಲೈಯ ಆ ಮಂಗಳವಾರದ ನಂತರ ಒಂದೇ ಒಂದು. ‘ವಿಜಯಾ ಎರಡು ಸಲ ಫೋನ್ ಮಾಡಿದ್ದಳು. ತಿರುಗಿ ಮಾಡಬೇಕು.’ ಅಲ್ಲಿಗೆ ಮುಗಿಯಿತು.

ಸಂಗ ಬಿಟ್ಟವಳು ಅವಳಲ್ಲ.

ಸಂಜೆ ಮೇಘಾ ಬಂದ ಮೇಲೆ ಚೀಟಿಯನ್ನು ತೋರಿಸಿ ಎಲ್ಲ ಹೇಳಿದೆ. ಅವಳು ಚಪ್ಪಲಿಯನ್ನೂ ಬಿಚ್ಚದೆ ನಿಂತು ಕೇಳಿದಳು.

“ಮಮ್ಮಾ, ಉನ್ನೀಸ್ ಸಾಲ್ ಹೋ ಗಯೇ. ತೀ ಕಂಪನೀಚ್ ನಾಹೀಯೇ ಆತಾ. ಅಬ್ ಬೋಲ್‌ಕೇ ಕ್ಯಾ ಹೋಗಾ?”

ಹತ್ತೊಂಬತ್ತು ವರ್ಷದ ಮೇಲೆ ಈಗ ಹೇಳಿ ಏನಾಗುತ್ತದೆ ಎಂದು. ನಿಜ, ಆ ಕಂಪನಿಯೇ ಈಗಿಲ್ಲ. ಆ ಜಾಗದಲ್ಲಿ ಗಾಜಿನ ಕಟ್ಟಡವೊಂದು ನಿಂತಿದೆ. “ಕಂಪನಿಗೆ ಹೇಳ್ಲಿಕ್ಕೆ ಅಲ್ಲ ಮಾರಾಯ್ತಿ. ಚೀಟಿಯಲ್ಲಿ ಎಂತ ಬರೆದದ್ದು? ವಿಜಯಾಗೆ ಹೇಳಬೇಕು ಅಂತ” ಎಂದೆ.

ಅವಳು ನನ್ನ ಮುಖ ನೋಡಿ, ಚೀಟಿಯನ್ನು ನನ್ನ ಕೈಗೇ ವಾಪಸು ಕೊಟ್ಟಳು.

ಹೇಳಬೇಕು ಎಂದೆನೇ ಹೊರತು ಎದ್ದು ಹೊರಡುವ ಧೈರ್ಯ ಬರಲಿಲ್ಲ. ಮರುದಿನ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಯಂತ್ರಕ್ಕೇ ಹೇಳಿದೆ: ಹೀಗೆ ಹೀಗೆ ಆಯಿತು, ನನ್ನ ಗೆಳತಿಗೆ ಒಂದು ಪತ್ರ ಬರೆದುಕೊಡು. ಬರೆದುಕೊಟ್ಟಿತು. ಚೆನ್ನಾಗಿಯೇ ಇತ್ತು. ‘ಕೆಲಸದ ಒತ್ತಡದ ನಡುವೆ ನಮ್ಮಿಬ್ಬರ ಮಧ್ಯೆ ಉಂಟಾದ ಸಂವಹನದ ಕೊರತೆಯಿಂದಾಗಿ ನಿಮಗೆ ಆದ ನೋವಿಗೆ ನಾನು ಹೃತ್ಪೂರ್ವಕವಾಗಿ ವಿಷಾದಿಸುತ್ತೇನೆ.’ ನಾನು ಎರಡು ಸಲ ಓದಿದೆ. ಯಂತ್ರದ ಮೇಲೆ ಸಿಟ್ಟು ಬಂತು. ಆಮೇಲೆ, ಅದಕ್ಕೆ ನಾನು ಕೊಟ್ಟಿದ್ದ ವಿವರವನ್ನೇ ಮತ್ತೆ ಓದಿದೆ. ಒತ್ತಡವಿತ್ತು ಎಂದವಳು ನಾನು. ಇಬ್ಬರ ಮಧ್ಯೆ ಮಾತು ತಪ್ಪಿತು ಎಂದವಳೂ ನಾನು. ಅದು ನನ್ನ ಸುಳ್ಳಿಗೆ ಇಸ್ತ್ರಿ ಮಾಡಿ ಮಡಚಿ ಕೊಟ್ಟಿತ್ತು, ಅಷ್ಟೆ. ಪತ್ರವನ್ನು ಅಳಿಸಿದೆ. ಶನಿವಾರ ಮಧ್ಯಾಹ್ನ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಕಲ್ಯಾಣದ ಲೋಕಲ್ ಹತ್ತಿದೆ.

ವಿಳಾಸ ಹಳೆಯದು, ಅವಳು ಅಲ್ಲಿರಲಿಕ್ಕಿಲ್ಲ ಎಂಬ ಆಸೆ ಒಳಗೆ ಎಲ್ಲೋ ಇತ್ತು. ಮೂರನೆಯ ಮಹಡಿಯ ಬಾಗಿಲಿನ ಮೇಲೆ ಕೈಯಲ್ಲಿ ಬರೆದ ಬೋರ್ಡು: ವಿಜ್ಞಾನ, ಗಣಿತ ಟ್ಯೂಶನ್, ಕೆಳಗೆ ಫೋನ್ ನಂಬರು. ಕರೆಗಂಟೆ ಒತ್ತಿದೆ. ಅವಳೇ ತೆರೆದಳು. ಕೂದಲು ಪೂರಾ ಬಿಳಿ. ಒಂದು ಗಳಿಗೆ ದಿಟ್ಟಿಸಿದಳು.

“ಏ, ಸುಮತೀ! ಎಷ್ಟ ದಪ್ಪ ಆಗೀಯಲ್ಲ! ಬಾ, ಬಾ ಒಳಗ. ರೀ, ಯಾರ್ ಬಂದಾರ ನೋಡ್ರಿ!”

ಒಳಗಿನಿಂದ ಅವಳ ಗಂಡ ಬಸವರಾಜ ಬಂದರು. ರೇಲ್ವೆಯಿಂದ ನಿವೃತ್ತರಾದವರು, ಮಾತು ಕಡಿಮೆ. ಕೈಮುಗಿದು ಕುರ್ಚಿ ಎಳೆದು ಕೊಟ್ಟು, ಪೇಪರು ತೆಗೆದುಕೊಂಡು ಮತ್ತೆ ಒಳಗೆ ಹೋದರು. ವಿಜಯಾ ನೀರು ತಂದಳು. ಮಗಳ ಮದುವೆ, ಮೊಮ್ಮಗ, ಮೊಣಕಾಲು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಾನು ಲೋಟದ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟೆ.

“ಲ್ಯಾಬ್ ಕೆಲಸ ಮತ್ತೆ ಎಲ್ಲಿಯಾದ್ರೂ...” ಎಂದೆ.

“ಎಲ್ಲೀ? ಹೋದಲ್ಲೆಲ್ಲಾ ಮೊದಲಿನ ಕೆಲಸ ಯಾಕ ಬಿಟ್ಟಿ ಅಂತ ಕೇಳವ್ರು. ಕಡೀಕ ನನಗ ನಂದs ಭರೋಸಾ ಹೋತವಾ. ಅಡಗಿಗೆ ಉಪ್ಪ ಹಾಕಬೇಕಾದ್ರೂ ಎರಡ ಸಲ ನೋಡ್ತೀನಿ. ನಮ್ಮತ್ತಿಗೆ ಇನ್ಸುಲಿನ್ ಚುಚ್ಚೂದಿತ್ತು, ನಾ ಒಂದ ದಿನಾನೂ ಕೊಡ್ಲಿಲ್ಲ. ನರ್ಸ್ ಬರತಿದ್ಲು. ನನ್ನ ಕೈ ಒಮ್ಮೆ ತಪ್ಪೇತಿ, ಮತ್ತ ತಪ್ಪಿದ್ರ?”

ನಾನು ಪರ್ಸು ತೆರೆದು ಚೀಟಿಯನ್ನು ಅವಳ ಕೈಗೆ ಕೊಟ್ಟೆ.

ಅವಳು ಮೊದಲು ಬೆನ್ನಿನ ಬರಹ ಓದಿದಳು. ಆಮೇಲೆ ತಿರುಗಿಸಿ ತಾರೀಖು ನೋಡಿದಳು. ಮತ್ತೆ ಬರಹ. ಮುಖದ ಮೇಲಿನ ನಗು ಎಲ್ಲಿಗೆ ಹೋಯಿತೆಂದು ಗೊತ್ತಾಗಲಿಲ್ಲ.

“ಇದು ಅವತ್ತಿಂದು” ಎಂದಳು.

“ಹೌದು.”

“ಬೆಳಗ್ಗೆ ಬರದಿದ್ದು.”

“ಹೌದು. ನಿನ್ನ ಕೈ ತಪ್ಪಿರಲಿಲ್ಲ ವಿಜಯಾ.”

ಅವಳು ಚೀಟಿಯನ್ನು ಟೀಪಾಯಿಯ ಮೇಲಿಟ್ಟಳು. ಕೆಳಗೆ ರಸ್ತೆಯಲ್ಲಿ ಭಾಂಡಿವಾಲಿ ಪಾತ್ರೆ ಬೇಕಾ ಎಂದು ಕೂಗುತ್ತಾ ಹೋದಳು. ಪಕ್ಕದ ಮನೆಯ ಕುಕ್ಕರು ಮೂರು ಸಲ ಕೂಗಿತು. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಅವಳು ಎದ್ದು ಹೋಗಿ ಟ್ಯೂಶನ್ನಿನ ಮೇಜಿನಿಂದ ಗೆರೆಯಿರುವ ಒಂದು ಹಾಳೆಯನ್ನೂ ಪೆನ್ನನ್ನೂ ತಂದು ನನ್ನ ಮುಂದೆ ಇಟ್ಟಳು.

“ಬರಿ.”

“ಎಂತ ಬರೀಲಿ?”

“ಲ್ಯಾಬಿನ್ಯಾಗ ತಪ್ಪಾದ್ರ ಹೆಂಗ ಬರೀತಿದ್ವಿ? ಹಂಗ ಬರಿ. ತಾರೀಖ. ಏನಾತು. ಯಾರಿಂದ ಆತು. ಕಾರಣ.”

ಬರೆದೆ. ತಾರೀಖು ಹಾಕಿದೆ. ಬೆಳಿಗ್ಗೆ ಎರಡನೇ ತಕ್ಕಡಿ ಮೊದಲ ಸಲ ತಪ್ಪು ತೋರಿಸಿತೆಂದೂ ರಿಜಿಸ್ಟರಿನಲ್ಲಿ ನಾನು ಅದನ್ನು ನಮೂದಿಸಲಿಲ್ಲವೆಂದೂ ಬರೆದೆ. ಮಧ್ಯಾಹ್ನದ ಪಾಳಿಯವರಿಗೆ ತಿಳಿಸಲಿಲ್ಲ ಎಂದು ಬರೆದೆ. ವಿಚಾರಣೆಯಲ್ಲಿ ಸರಿ ಇತ್ತು ಎಂದು ಹೇಳಿದೆ ಎಂದೂ ಬರೆದೆ. ‘ಕಾರಣ’ ಎಂದು ಬರೆದು, ಅದರ ಮುಂದೆ ‘ಮರೆವು’ ಎಂದೆ.

ಅವಳು ನನ್ನ ಭುಜದ ಹಿಂದೆ ನಿಂತು ಓದುತ್ತಿದ್ದಳು. “ವಿಜಯಾಗ ಹೇಳೂದು ಮರೆತಿ, ಒಪ್ಪೀನಿ. ಮ್ಯಾನೇಜರ್ ಕೇಳಿದಾಗೂ ಮರೆತಿದ್ದ್ಯಾ?”

ನನ್ನ ಕೈ ನಿಂತಿತು.

ಆ ಕೋಣೆ ನನಗೆ ಸ್ಪಷ್ಟವಾಗಿ ನೆನಪಾಯಿತು. ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರು. ಫ್ಯಾನಿನ ಗಾಳಿಗೆ ಏಳುತ್ತಿದ್ದ ಪುಟವನ್ನು ಮ್ಯಾನೇಜರು ಬೆರಳಿನಿಂದ ಒತ್ತಿ ಹಿಡಿದದ್ದು. ನನ್ನ ತೊಡೆಯ ಮೇಲೆ ನನ್ನ ಪರ್ಸು. ಅದರ ಒಳಗಿನ ಖಾನೆಯಲ್ಲಿ ಮಡಚಿದ ಕ್ಯಾಲೆಂಡರ್ ಹಾಳೆ. ನಾನು ಪರ್ಸಿನ ಬಾಯಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಯಾಕೆ ಹಿಡಿದುಕೊಂಡಿದ್ದೆ? ಆ ತಿಂಗಳು ನನ್ನನ್ನು ಸೀನಿಯರ್ ಮಾಡುವ ಮಾತು ನಡೆದಿತ್ತು. ತಪ್ಪು ತೋರಿಸಿದ ತಕ್ಕಡಿಯನ್ನು ಸರಿ ಎಂದು ಬರೆದವಳನ್ನು ಯಾರು ಸೀನಿಯರ್ ಮಾಡುತ್ತಾರೆ?

ನನ್ನ ಐದು ಡಬ್ಬಿಗಳಲ್ಲಿ, ಮೂರು ಪೆಟ್ಟಿಗೆಗಳಲ್ಲಿ, ಈ ಒಂದು ವಿಷಯದ ಬಗ್ಗೆ ಚೀಟಿಯಿಲ್ಲ. ನೀರು ಬಂದ ಹೊತ್ತನ್ನೂ ಬರೆದಿಟ್ಟವಳು ಇದನ್ನು ಬರೆದಿರಲಿಲ್ಲ. ಯಂತ್ರ ಎಷ್ಟು ಹುಡುಕಿದರೂ ಇದು ಅದಕ್ಕೆ ಸಿಗುತ್ತಿರಲಿಲ್ಲ.

‘ಮರೆವು’ ಎಂಬುದನ್ನು ಹೊಡೆದುಹಾಕಿದೆ. ‘ನೆನಪಿತ್ತು. ಹೆದರಿ ಸುಳ್ಳು ಹೇಳಿದೆ’ ಎಂದು ಬರೆದೆ.

“ಸಹಿ ಮಾಡು” ಎಂದಳು. ಮಾಡಿದೆ. “ಇವತ್ತಿನ ತಾರೀಖ ಹಾಕು.” ಹಾಕಿದೆ.

ಹಾಳೆಯನ್ನು ಎತ್ತಿಕೊಂಡು ಅವಳು ಗಂಡನನ್ನು ಕರೆದಳು. “ಇದನ್ನ ಓದ್ರಿ. ಗಟ್ಟಿಯಾಗಿ ಓದ್ರಿ.”

ಬಸವರಾಜರು ಕನ್ನಡಕ ಏರಿಸಿಕೊಂಡು ನಿಂತಲ್ಲೇ ಓದತೊಡಗಿದರು. ಮೊದಲ ಸಾಲುಗಳನ್ನು ಸರಾಗವಾಗಿ ಓದಿದರು. ಬರಬರುತ್ತಾ ದನಿ ಸಣ್ಣದಾಯಿತು. ಕೊನೆಯ ಸಾಲನ್ನು ಓದದೆ ಹಾಳೆಯನ್ನು ಕೆಳಗಿಳಿಸಿದರು. ನನ್ನ ಕಡೆ ನೋಡಲೇ ಇಲ್ಲ. ಹೆಂಡತಿಯನ್ನು ನೋಡಿದರು.

“ಅವತ್ತ ರಾತ್ರಿ ನೀ ಅಂದಿದ್ದಿ, ತಕ್ಕಡಿದs ತಪ್ಪು ಅಂತ.”

“ಅಂದಿದ್ನಿ.”

“ತಪ್ಪ ಮಾಡಿದವ್ರೆಲ್ಲಾ ಹಂಗs ಅಂತಾರ ಅಂದ್ನಿ ನಾ.”

“ಅಂದ್ರಿ. ಆಮ್ಯಾಲ ನಾನೂ ಹಂಗs ತಿಳ್ಕೊಂಡ್ನಿ.”

ಅವರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಹಾಳೆ ಅವರ ಮಂಡಿಯ ಮೇಲಿತ್ತು. ಇಷ್ಟು ಹೊತ್ತು ನೆಟ್ಟಗಿದ್ದ ವಿಜಯಾ ಆಗ ಅತ್ತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ, ಬೆನ್ನು ಅಲುಗುವಂತೆ. ನಾನು ಎದ್ದು ಅವಳ ಹತ್ತಿರ ಹೋಗಲು ನೋಡಿದೆ. ಅವಳು ಕೈಯೆತ್ತಿ ನನ್ನನ್ನು ತಡೆದಳು. ಹತ್ತಿರ ಹೋದವರು ಬಸವರಾಜರು. ಏನೂ ಹೇಳದೆ ಅವಳ ತಲೆಯ ಮೇಲೆ ಕೈಯಿಟ್ಟು ನಿಂತರು. ನಾನು ಅದನ್ನು ನೋಡಬಾರದೆಂದು ಕಿಟಕಿಯ ಕಡೆ ತಿರುಗಿದೆ.

ಅವಳ ಕೆಲಸ ತೆಗೆದದ್ದು ನಾನು ಎಂದಷ್ಟೇ ತಿಳಿದು ಬಂದಿದ್ದೆ. ಅವಳ ಮನೆಯೊಳಗೂ ನಾನು ಹತ್ತೊಂಬತ್ತು ವರ್ಷ ಕೂತಿದ್ದೆ ಎಂದು ಅಲ್ಲಿ ಆ ಕಿಟಕಿಯ ಹತ್ತಿರ ಗೊತ್ತಾಯಿತು. ಕ್ಷಮಿಸು ಎಂಬ ಮಾತು ಬಾಯಿಯವರೆಗೆ ಬಂತು. ಕೇಳಲು ಧೈರ್ಯ ಸಾಲಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಕೇಳಿದರೆ ಅವಳು ಏನಾದರೂ ಕೊಡಬೇಕಾಗುತ್ತದೆ. ಅವಳಿಂದ ನಾನು ಇನ್ನೂ ಏನನ್ನಾದರೂ ತೆಗೆದುಕೊಳ್ಳುವುದು ಬೇಡವೆನಿಸಿತು.

ಸ್ವಲ್ಪ ಹೊತ್ತಿಗೆ ಅವಳು ಮುಖ ತೊಳೆದುಕೊಂಡು ಬಂದಳು. ಟ್ಯೂಶನ್ನಿನ ಹೊತ್ತಾಗಿತ್ತು. ನನ್ನ ಕ್ಯಾಲೆಂಡರ್ ಹಾಳೆ ಇನ್ನೂ ಟೀಪಾಯಿಯ ಮೇಲಿತ್ತು. ನಾನು ಕೈ ಚಾಚುವ ಮೊದಲೇ ಅದನ್ನು ಎತ್ತಿ, ನಾನು ಬರೆದುಕೊಟ್ಟ ಹಾಳೆಯ ಒಳಗಿಟ್ಟು, ಎರಡನ್ನೂ ಮಡಚಿದಳು.

“ಇದು ನನ್ನ ಕಡೆ ಇರ್ಲಿ. ಮಗಳಿಗೆ ತೋರಸಬೇಕು.”

“ಇರ್ಲಿ. ಅದು ನಿನ್ನದೇ” ಎಂದೆ.

ಚಪ್ಪಲಿ ಮೆಟ್ಟಿಕೊಂಡೆ. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಬಾಯಿಗೆ ಅದೇ ಬಂತು. “ಬರ್ತೇನೆ ವಿಜಯಾ.”

ಇಂಥ ಹೊತ್ತಿನಲ್ಲಿ ಅವಳು ಮೊದಲೆಲ್ಲ ‘ಹೋಗಿ ಬಾರವಾ’ ಎನ್ನುತ್ತಿದ್ದವಳು. ಈಗ ಬಾಗಿಲ ಚೌಕಟ್ಟು ಹಿಡಿದು ನಿಂತು, “ಹೋಗು” ಎಂದಳು. ಅಷ್ಟೆ.

ನಾನು ತಲೆಯಾಡಿಸಿ ಮೆಟ್ಟಿಲ ಕಡೆ ತಿರುಗಿದೆ. ನಾಲ್ಕು ಮೆಟ್ಟಿಲು ಇಳಿದಿರಬಹುದು, ಹಿಂದಿನಿಂದ ಅವಳ ದನಿ ಕೇಳಿತು.

“ಬರೂದು ಬಿಡೂದು ಆಮ್ಯಾಲ ನೋಡೂಣು. ಮನೀಗೆ ಮುಟ್ಟಿದ ಮ್ಯಾಲ ಒಂದ ಫೋನ್ ಮಾಡು. ಬರದ ಇಟ್ಕೋಬ್ಯಾಡ, ಮಾಡು.”

ಮೂರು ಮಹಡಿ ಇಳಿದು ನಾನು ರಸ್ತೆಗೆ ಬರುವವರೆಗೂ ಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಲಿಲ್ಲ.